ಮೊದಲ ಸೂಜಿ ತನಗೇ: ವಾಲ್ಡೆಮರ್ ಹಾಫ್‌ಕಿನ್

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಗುರುಗಳು ಫೋನ್ ಮಾಡಿದಾಗ ಶಾಲೆಯ ನೆನಪುಗಳನ್ನೇ ಬರೆಯೋಣವೆಂದುಕೊಂಡಿದ್ದೆ. ಆದರೆ ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವ ಹಿರಿಯರು ಈ ಸಂಚಿಕೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ನಮ್ಮ ಶಾಲೆಯ ಮೈದಾನದ ನೆಪ ಮಾಡಿಕೊಂಡು ಒಬ್ಬ ದೂರದ ಮನುಷ್ಯನ ಕಥೆ ಹೇಳುತ್ತೇನೆ.

ಶಾಲೆಯನ್ನು ಊರಿಂದ ಇಷ್ಟು ದೂರ ಯಾಕೆ ಕಟ್ಟಿದರು ಎಂದು ಮಳೆಗಾಲದಲ್ಲಿ ಕೆಸರು ತುಳಿಯುತ್ತ ನಾವೆಲ್ಲ ಬೈದುಕೊಂಡವರೇ. ನಮ್ಮ ಅಜ್ಜಿ ಆ ಜಾಗವನ್ನು ಕೊನೆಯವರೆಗೂ ಗುಡಿಸಲ ಹೊಲ ಎಂದೇ ಕರೆಯುತ್ತಿದ್ದಳು. ಮನೆಯೊಳಗೆ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಕಾಳುಕಡಿ, ದನಕರು ಕಟ್ಟಿಕೊಂಡು ಇಲ್ಲಿಗೆ ಬಂದು, ಜೋಳದ ದಂಟಿನ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತಂತೆ. ಪ್ಲೇಗಿನ ಕಾಲ ಅದು. ನಮ್ಮ ಕಡೆಯ ಅನೇಕ ಊರುಗಳಲ್ಲಿ ಇಂಥ ಹೊಲಗಳಿವೆ, ಕೆಲವೆಡೆ ಪ್ಲೇಗಮ್ಮನ ಗುಡಿಗಳೂ ಇವೆ. ಆ ಪ್ಲೇಗಿಗೆ ಮೊದಲ ಲಸಿಕೆ ಮಾಡಿದವರು ವಾಲ್ಡೆಮರ್ ಹಾಫ್‌ಕಿನ್. ಸಾಫ್ಟ್‌ವೇರ್ ಕೆಲಸದವನಾದ ನಾನು ಈ ಹೆಸರಿನ ಬೆನ್ನು ಹತ್ತಿದ್ದು ಕೊರೊನಾ ವರ್ಷಗಳಲ್ಲಿ. ಲಸಿಕೆ ಯಾರಿಗೆ ಮೊದಲು, ಒತ್ತಾಯ ಮಾಡಬಹುದೇ, ಹೆಚ್ಚುಕಡಿಮೆಯಾದರೆ ಹೊಣೆ ಯಾರದು ಎಂದು ಮನೆಮನೆಯಲ್ಲೂ ವಾದ ನಡೆದಿದ್ದ ಕಾಲ. ಇವೇ ಪ್ರಶ್ನೆಗಳು ನೂರಿಪ್ಪತ್ತು ವರ್ಷಗಳ ಹಿಂದೆ ಒಬ್ಬನೇ ಮನುಷ್ಯನ ತಲೆಯ ಮೇಲೆ ಬಂದು ಕೂತಿದ್ದವು.

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ, ಈಗ ಉಕ್ರೇನಿನಲ್ಲಿರುವ ಒಡೆಸ್ಸಾ ಬಂದರಿನಲ್ಲಿ. ಯಹೂದಿ ಮನೆತನ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದರು. ಮುಂದೆ ನೊಬೆಲ್ ಪಡೆದ ಮೆಚ್ನಿಕಾಫ್ ಅವರ ಗುರು. ಯಹೂದಿಗಳ ಮೇಲೆ ದೊಂಬಿಗಳಾದಾಗ ಕೇರಿಯನ್ನು ಕಾಯಲು ನಿಂತ ಯುವಕರ ಗುಂಪಿನಲ್ಲಿ ಇವರೂ ಇದ್ದರು, ಗಾಯಗೊಂಡರು, ಜೈಲು ಕಂಡರು. ಓದಿನಲ್ಲಿ ಎಷ್ಟೇ ಮುಂದಿದ್ದರೂ ಪ್ರಾಧ್ಯಾಪಕ ಹುದ್ದೆ ಬೇಕೆಂದರೆ ಮತ ಬದಲಿಸಬೇಕು ಎಂಬ ಷರತ್ತಿತ್ತು. ಅವರು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ, ಮರುವರ್ಷ ಪ್ಯಾರಿಸ್‌ನ ಪಾಸ್ತರ್ ಸಂಸ್ಥೆಗೆ ಹೋದರು. ಅಲ್ಲಿ ಖಾಲಿಯಿದ್ದದ್ದು ಗ್ರಂಥಾಲಯದ ಸಹಾಯಕನ ಕೆಲಸ ಮಾತ್ರ. ಹಗಲು ಪುಸ್ತಕ ಜೋಡಿಸುತ್ತ, ಉಳಿದ ಹೊತ್ತು ಪ್ರಯೋಗಾಲಯದಲ್ಲಿ ಕೂತರು.

ಕಾಲರಾ ರೋಗಾಣುವಿನ ಬಲ ಕುಂದಿಸಿ ಲಸಿಕೆ ಮಾಡುವ ದಾರಿ ಅಲ್ಲಿ ಅವರಿಗೆ ಸಿಕ್ಕಿತು. 1892ರ ಜುಲೈ 18ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂತು, ಹೋಯಿತು. ಆಮೇಲೆ ಒಪ್ಪಿದ ಮೂವರು ರಷ್ಯನ್ ಗೆಳೆಯರಿಗೆ ಚುಚ್ಚಿದರು. ಆದರೆ ನಿಜವಾದ ಪರೀಕ್ಷೆಗೆ ಕಾಲರಾ ಇರುವ ನಾಡು ಬೇಕು. ಪ್ಯಾರಿಸ್‌ನಲ್ಲಿ ಆಗ ಬ್ರಿಟಿಷ್ ರಾಯಭಾರಿಯಾಗಿದ್ದ, ಹಿಂದೆ ಇಲ್ಲಿ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್ ಭಾರತಕ್ಕೆ ಹೋಗಲು ಸಲಹೆ ಮಾಡಿದರು. 1893ರ ಮಾರ್ಚ್‌ನಲ್ಲಿ ಹಾಫ್‌ಕಿನ್ ಕಲ್ಕತ್ತೆಗೆ ಬಂದಿಳಿದರು.

ಬಂದವರು ವೈದ್ಯರಲ್ಲ, ಇಂಗ್ಲಿಷರಲ್ಲ, ರಷ್ಯಾದ ಗೂಢಚಾರನೋ ಏನೋ ಎಂಬ ಗುಮಾನಿ ಬೇರೆ. ಸರ್ಕಾರಿ ವೈದ್ಯಾಧಿಕಾರಿಗಳು ಅಷ್ಟಕ್ಕಷ್ಟೆ ಎಂಬಂತೆ ನಡೆದುಕೊಂಡರು. ಜನರಿಗೂ ಅನುಮಾನ. ಕಲ್ಕತ್ತೆಯ ಕೊಳೆಗೇರಿಗಳಿಗೆ ಹಾಫ್‌ಕಿನ್ ಬಂಗಾಳಿ ವೈದ್ಯರನ್ನು ಜೊತೆಗೆ ಕರೆದುಕೊಂಡು ಹೋದರು, ಎಲ್ಲರ ಮುಂದೆ ಮೊದಲು ತಾವೇ ಚುಚ್ಚಿಸಿಕೊಂಡು ತೋರಿಸಿದರು. 1894ರ ಬೇಸಗೆಯಲ್ಲಿ ಒಂದು ಕೇರಿಯ ಇನ್ನೂರು ಜನರಲ್ಲಿ 116 ಮಂದಿ ಮುಂದೆ ಬಂದರು. ಒತ್ತಾಯವಿರಲಿಲ್ಲ.

ಕೊರೊನಾ ಲಸಿಕೆ ನಮ್ಮ ಊರಿಗೆ ಬಂದಾಗ ನಮ್ಮ ಅವ್ವ ಆಶಾ ಕಾರ್ಯಕರ್ತೆಯನ್ನು ಕೇಳಿದ್ದು ಒಂದೇ ಪ್ರಶ್ನೆ, ನೀನು ಹಾಕಿಸಿಕೊಂಡೆಯಾ ಎಂದು. ಆಕೆ ತೋಳು ತೋರಿಸಿದಳು. ಅವ್ವ ಎದ್ದು ಹೊರಟಳು. ಚುಚ್ಚುವವನು ತಾನೂ ಚುಚ್ಚಿಸಿಕೊಂಡಿದ್ದಾನೆ ಎಂಬುದರಿಂದ ಔಷಧ ಒಳ್ಳೆಯದೆಂದು ಸಾಬೀತಾಗುವುದಿಲ್ಲ, ನಿಜ. ಒಬ್ಬನ ಮೈ ಒಂದೇ ಮೈ. ಆದರೂ ಅಪಾಯವನ್ನು ಮೊದಲು ತನ್ನ ಮೇಲೆ ತೆಗೆದುಕೊಳ್ಳದವನ ಮಾತನ್ನು ಬಡವರು ಯಾಕೆ ನಂಬಬೇಕು?

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಗುರುತಿಸಿದವರು ಡಾಕ್ಟರ್ ಅಕಾಸಿಯೊ ವಿಯೆಗಾಸ್. ಜನ ರೈಲು ಹತ್ತಿ, ದೋಣಿ ಹತ್ತಿ ಊರು ಬಿಟ್ಟರು. ಸರ್ಕಾರ ಹಾಫ್‌ಕಿನ್ ಅವರನ್ನು ಅಕ್ಟೋಬರಿನಲ್ಲಿ ಅಲ್ಲಿಗೆ ಕಳಿಸಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ವರಾಂಡ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಪ್ರಯೋಗಾಲಯ. ಪ್ಲೇಗಿನ ರೋಗಾಣುವನ್ನು ಎರಡು ವರ್ಷಗಳ ಹಿಂದಷ್ಟೇ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಕಂಡುಹಿಡಿದಿದ್ದರು. ಅದು ಚಿಗಟದಿಂದ ಹರಡುತ್ತದೆಂದು ಇನ್ನೂ ಗೊತ್ತಿರಲಿಲ್ಲ. ಹಾಫ್‌ಕಿನ್ ರೋಗಾಣುವನ್ನು ಮಾಂಸದ ಸಾರಿನಲ್ಲಿ ಬೆಳೆಸಿದರು. ಅದಕ್ಕೆ ದನದ್ದೂ ಅಲ್ಲದ, ಹಂದಿಯದೂ ಅಲ್ಲದ ಆಡಿನ ಮಾಂಸವನ್ನು ಆರಿಸಿಕೊಂಡದ್ದು ಈ ನಾಡಿನ ಮನಸ್ಸು ತಿಳಿದೇ. ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ ರೋಗಾಣುಗಳು ಆ ಹನಿಗಳಿಗೆ ಅಂಟಿ ಕೆಳಗೆ ಬಿಳಲಿನಂತೆ ಇಳಿಯುತ್ತಿದ್ದವು. ಹೀಗೆ ಬೆಳೆದದ್ದನ್ನು ಕಾಯಿಸಿ ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸಿದರೆ ಲಸಿಕೆ ಸಿದ್ಧ. ಮೂರು ತಿಂಗಳ ಹಗಲಿರುಳು ದುಡಿಮೆಯಲ್ಲಿ ಒಬ್ಬ ಸಹಾಯಕ ಮಾನಸಿಕವಾಗಿ ಕುಸಿದ, ಇಬ್ಬರು ಬಿಟ್ಟುಹೋದರು. 1897ರ ಜನವರಿ 10ರಂದು ಹಾಫ್‌ಕಿನ್ ತಮಗೇ 10 ಸಿ.ಸಿ. ಚುಚ್ಚಿಸಿಕೊಂಡರು. ಮುಂದೆ ಜನರಿಗೆ ಕೊಟ್ಟ ಪ್ರಮಾಣಕ್ಕಿಂತ ಅದು ಹಲವು ಪಟ್ಟು ಹೆಚ್ಚು.

ಅದೇ ತಿಂಗಳ ಕೊನೆಗೆ ಬೈಕಲಾ ಜೈಲಿನಲ್ಲಿ ಪ್ಲೇಗ್ ಹೊಕ್ಕಿತು. ಕೈದಿಗಳಿಗೆ ವಿಷಯ ಹೇಳಿದರು, ಹೆಚ್ಚುಕಡಿಮೆ ಅರ್ಧದಷ್ಟು ಜನ ತಾವಾಗಿ ಮುಂದೆ ಬಂದರು. ಚುಚ್ಚಿಸಿಕೊಂಡ ದಿನವೇ ಕೆಲವರು ಕಾಯಿಲೆ ಬಿದ್ದರು, ಅವರ ಮೈಯಲ್ಲಿ ರೋಗ ಮೊದಲೇ ಇತ್ತು. ಆ ನಂತರದ ಲೆಕ್ಕ ಹೀಗೆ: ಚುಚ್ಚಿಸಿಕೊಳ್ಳದವರಲ್ಲಿ 12 ಜನರಿಗೆ ಪ್ಲೇಗ್ ಬಂದು 6 ಮಂದಿ ಸತ್ತರು, ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ. ಜೈಲಿನಲ್ಲಿರುವವನು ತಾನಾಗಿ ಒಪ್ಪಿದ ಎನ್ನುವುದಕ್ಕೆ ಎಷ್ಟು ಅರ್ಥವಿದೆ ಎಂದು ಇಂದು ನಾವು ಕೇಳುತ್ತೇವೆ. ಕೇಳಬೇಕಾದದ್ದೇ. ಆದರೆ ಅದೇ ವೇಳೆಗೆ ಜೈಲಿನ ಹೊರಗೆ ಏನು ನಡೆದಿತ್ತು ಎನ್ನುವುದನ್ನೂ ನೋಡಬೇಕು.

1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. (2020ರಲ್ಲಿ ನಮ್ಮನ್ನು ಮನೆಯೊಳಗೆ ಕೂರಿಸಲು ಸರ್ಕಾರಗಳು ಕೈಗೆತ್ತಿಕೊಂಡದ್ದೂ ಇದೇ ಕಾಯ್ದೆಯನ್ನು.) ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿದರು. ದೇವರ ಕೋಣೆ ಎನ್ನಲಿಲ್ಲ, ಅಡುಗೆಮನೆ ಎನ್ನಲಿಲ್ಲ. ಹೆಣ್ಣುಮಕ್ಕಳನ್ನೂ ಹೊರಗೆಳೆದು ಕಂಕುಳು ತೊಡೆಸಂದುಗಳಲ್ಲಿ ಗಂಟು ಹುಡುಕಿದರು. ಅನುಮಾನ ಬಂದವರನ್ನು ಶಿಬಿರಕ್ಕೆ ಸಾಗಿಸಿದರು, ಸಾಮಾನು ಸುಟ್ಟರು. ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಅದೇ ಪುಣೆಯಲ್ಲಿ ಆ ಮಾರ್ಚ್‌ನಲ್ಲಿ ಸಾವಿತ್ರಿಬಾಯಿ ಫುಲೆ ಪ್ಲೇಗ್ ಪೀಡಿತರ ಸೇವೆ ಮಾಡುತ್ತಲೇ ರೋಗ ತಗುಲಿ ತೀರಿಕೊಂಡಿದ್ದರು. ಒಂದೇ ಊರಿನಲ್ಲಿ ಒಂದೇ ರೋಗವನ್ನು ಎದುರಿಸಲು ಹೊರಟ ಇಬ್ಬರ ದಾರಿ ಎಷ್ಟು ಬೇರೆ!

ಪ್ಲೇಗ್ ಮುಂದಿನ ವರ್ಷ ನಮ್ಮ ಕಡೆಗೂ ಇಳಿಯಿತು. 1898ರಲ್ಲಿ ಬೆಂಗಳೂರು ತತ್ತರಿಸಿತು. ಆಗ ಮುಂಬಯಿ ಆಡಳಿತಕ್ಕೆ ಸೇರಿದ್ದ ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಸಾವಿರಾರು ಜನ ಹಾಫ್‌ಕಿನ್ ಲಸಿಕೆ ಚುಚ್ಚಿಸಿಕೊಂಡರು. ಆ ಕಾಲದ ಲಸಿಕೆಯ ವರದಿಗಳಲ್ಲಿ ಹುಬ್ಬಳ್ಳಿಯ ಹೆಸರು ಮತ್ತೆಮತ್ತೆ ಬರುತ್ತದೆ. ಚುಚ್ಚಿಸಿಕೊಂಡ ಚೀಟಿ ಕೈಯಲ್ಲಿದ್ದವರಿಗೆ ಹಲವೆಡೆ ಶಿಬಿರವಾಸದಿಂದ ವಿನಾಯಿತಿ ಸಿಗುತ್ತಿತ್ತು. ಲಸಿಕೆ ಕಡ್ಡಾಯವಲ್ಲ, ಆದರೆ ಹಾಕಿಸಿಕೊಳ್ಳದಿದ್ದರೆ ಮನೆ ಬಿಟ್ಟು ಶಿಬಿರಕ್ಕೆ ನಡೆ ಎಂದರೆ ಅದನ್ನು ಒಪ್ಪಿಗೆ ಎನ್ನಬೇಕೋ ಒತ್ತಾಯ ಎನ್ನಬೇಕೋ? ಮಾಲ್ ಒಳಗೆ ಹೋಗಲು ಮೊಬೈಲಿನಲ್ಲಿ ಲಸಿಕೆಯ ಪ್ರಮಾಣಪತ್ರ ತೋರಿಸಿದ ನಮಗೆ ಈ ಪ್ರಶ್ನೆ ಹೊಸದಲ್ಲ.

ಈಗ ಹಾಫ್‌ಕಿನ್ ಅವರ ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡಿದ ಭಾಗಕ್ಕೆ ಬರುತ್ತೇನೆ. 1897ರಲ್ಲಿ ಪೋರ್ಚುಗೀಸರ ದಮನ್‌ನಲ್ಲಿ ಪ್ಲೇಗ್ ಬಂದಾಗ ಸುಮಾರು 2,200 ಜನ ಲಸಿಕೆ ತೆಗೆದುಕೊಂಡರು, ಅವರಲ್ಲಿ ಸತ್ತವರು 36. ತೆಗೆದುಕೊಳ್ಳದ ಸುಮಾರು 6,000 ಜನರಲ್ಲಿ ಸತ್ತವರು 1,482. ಇನ್ನೇನು ಬೇಕು ಎಂದು ನಮಗನ್ನಿಸುತ್ತದೆ. ಆದರೆ ಲೆಕ್ಕ ತಿಳಿದವರು ಒಂದು ಅಡ್ಡಮಾತು ಎತ್ತಬಹುದು: ತಾವಾಗಿ ಬಂದು ಚುಚ್ಚಿಸಿಕೊಂಡವರು ಓದುಬರಹ ಬಲ್ಲವರು, ಗಾಳಿ ಬೆಳಕಿನ ಮನೆಯವರು ಇದ್ದಿರಬಹುದು, ಅವರು ಹೇಗೂ ಬದುಕುತ್ತಿದ್ದರೋ ಏನೋ. ಈ ಅನುಮಾನ ಕಳೆಯಬೇಕಾದರೆ ಒಂದೇ ಮನೆ, ಒಂದೇ ಅನ್ನ, ಒಂದೇ ಇಲಿಗಳ ನಡುವೆ ಇರುವವರನ್ನು ಹೋಲಿಸಬೇಕು. 1898ರ ಫೆಬ್ರವರಿಯಲ್ಲಿ ಬರೋಡಾ ಹತ್ತಿರದ ಉಂಢೇರಾ ಎಂಬ ಹಳ್ಳಿಯಲ್ಲಿ ಹಾಫ್‌ಕಿನ್ ಮಾಡಿದ್ದು ಅದನ್ನೇ. ಸಾವಿರದಷ್ಟು ಜನರ ಊರು. ಮನೆಮನೆಯವರನ್ನೂ ಸಾಲಾಗಿ ನಿಲ್ಲಿಸಿ, ಪ್ರತಿ ಮನೆಯಲ್ಲೂ ಅರ್ಧ ಜನರಿಗೆ ಚುಚ್ಚಿ, ಅರ್ಧ ಜನರನ್ನು ಹಾಗೇ ಬಿಟ್ಟರು. ಕೆಲವು ವಾರಗಳ ನಂತರ ಬಂದು ಎಣಿಸಿದರು. ಪ್ಲೇಗ್ ಹೊಕ್ಕಿದ್ದು 28 ಮನೆಗಳಿಗೆ. ಆ ಮನೆಗಳಲ್ಲಿ ಚುಚ್ಚಿಸಿಕೊಂಡ 71 ಜನರಲ್ಲಿ 8 ಮಂದಿಗೆ ರೋಗ, 3 ಸಾವು. ಚುಚ್ಚಿಸಿಕೊಳ್ಳದ 64 ಜನರಲ್ಲಿ 27 ಮಂದಿಗೆ ರೋಗ, 26 ಸಾವು.

ನಮ್ಮ ಕೆಲಸದಲ್ಲಿ ಇದು ದಿನನಿತ್ಯದ ಮಾತು. ಆ್ಯಪ್‌ನಲ್ಲಿ ಏನಾದರೂ ಬದಲಾಯಿಸಿದರೆ ಮೊದಲು ಅರ್ಧ ಬಳಕೆದಾರರಿಗೆ ಕೊಟ್ಟು ನೋಡುತ್ತೇವೆ, ಉಳಿದರ್ಧಕ್ಕೆ ಹಳೆಯದೇ. ಅವರಿಗೆ ಅದು ಗೊತ್ತೂ ಇರುವುದಿಲ್ಲ. ಅಲ್ಲಿ ಹೋಗುವುದು ಹೆಚ್ಚೆಂದರೆ ಒಂದು ಗುಂಡಿಯ ಬಣ್ಣ. ಉಂಢೇರಾದಲ್ಲಿ ಹೋದದ್ದು ಯಾರದೋ ಅಕ್ಕ, ಯಾರದೋ ಮಗ. ಅದೇ ಮನೆಯಲ್ಲಿ ಲಸಿಕೆ ಸಿಕ್ಕ ತಮ್ಮ ಉಳಿದ. ದಮನ್‌ನ ಅಂಕಿ ಕೈಯಲ್ಲಿದ್ದ ಮೇಲೂ ಈ ಪರೀಕ್ಷೆ ಬೇಕಿತ್ತೇ? ನಾನು ಎಷ್ಟೋ ದಿನ ಬೇಡವಿತ್ತು ಎಂದೇ ವಾದಿಸುತ್ತಿದ್ದೆ. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. ಆ 26 ಸಾವುಗಳ ಲೆಕ್ಕ ಇರದಿದ್ದರೆ ಅನುಮಾನದವರ ಬಾಯಿ ಮುಚ್ಚುತ್ತಿರಲಿಲ್ಲ, ಇನ್ನೆಷ್ಟೋ ಊರುಗಳಿಗೆ ಲಸಿಕೆ ತಲುಪುವುದು ತಡವಾಗುತ್ತಿತ್ತು. ಆದರೆ ಈ ಮಾತನ್ನು ಆ 28 ಮನೆಗಳಲ್ಲಿ ಒಂದರ ಕಟ್ಟೆಯ ಮೇಲೆ ಕೂತು ಹೇಳುವ ಧೈರ್ಯ ನನಗಿಲ್ಲ. ಇಂದಾದರೆ ಇಂಥ ಪರೀಕ್ಷೆಗೆ ನೈತಿಕ ಸಮಿತಿಯ ಅನುಮತಿ ಬೇಕು, ಪ್ರತಿಯೊಬ್ಬರ ಒಪ್ಪಿಗೆ ಬರಹದಲ್ಲಿ ಬೇಕು, ಎರಡು ಗುಂಪುಗಳ ನಡುವೆ ದೊಡ್ಡ ಅಂತರ ಕಂಡರೆ ನಡುವೆಯೇ ನಿಲ್ಲಿಸಿ ಎಲ್ಲರಿಗೂ ಔಷಧ ಕೊಡುವ ಏರ್ಪಾಟೂ ಇರುತ್ತದೆ.

ಅಜ್ಜಿ ಹೇಳಿದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಅವಳು ಸಣ್ಣವಳಿದ್ದಾಗ ಇದೇ ಗುಡಿಸಲ ಹೊಲಕ್ಕೆ ಸೂಜಿಯವರು ಬಂದಿದ್ದರಂತೆ. ಅವಳಪ್ಪ ತಾನು ಚುಚ್ಚಿಸಿಕೊಂಡು, ನಾಲ್ಕು ಮಕ್ಕಳಲ್ಲಿ ಇಬ್ಬರಿಗೆ ಮೊದಲ ದಿನ ಹಾಕಿಸಿ, ಇನ್ನಿಬ್ಬರನ್ನು ಹಿಂದೆ ನಿಲ್ಲಿಸಿಕೊಂಡನಂತೆ. ಸೂಜಿಯಿಂದಲೇ ಹೆಚ್ಚುಕಡಿಮೆಯಾದರೆ ಮನೆಗೆ ಇಬ್ಬರಾದರೂ ಉಳಿಯಲಿ ಎಂದು. ಮೂರು ದಿನ ಕಾದು ನೋಡಿ ಆಮೇಲೆ ಉಳಿದವರಿಗೂ ಹಾಕಿಸಿದ. ಯಾವ ಇಬ್ಬರನ್ನು ಮೊದಲು ಕಳಿಸುವುದೆಂದು ಅವನು ಹೇಗೆ ಆರಿಸಿದ ಎಂದು ಕೇಳಿದ್ದೆ. ಅಜ್ಜಿ ಆ ಮಾತಿಗೆ ಉತ್ತರ ಕೊಡಲಿಲ್ಲ, ಎದ್ದು ಒಳಗೆ ಹೋದಳು.

ಹಾಫ್‌ಕಿನ್ ಅವರ ಕೀರ್ತಿ ಆ ವರ್ಷಗಳಲ್ಲಿ ಏರಿತು. 1897ರಲ್ಲಿ ವಿಕ್ಟೋರಿಯಾ ರಾಣಿಯ ಸರ್ಕಾರ ಸಿ.ಐ.ಇ. ಪದವಿ ಕೊಟ್ಟಿತು. ಯುವಕರಾಗಿದ್ದ ಆಗಾ ಖಾನ್ ತಮ್ಮ ಬಂಗಲೆಯನ್ನೇ ಪ್ರಯೋಗಾಲಯಕ್ಕೆ ಬಿಟ್ಟುಕೊಟ್ಟು, ಜನರೆದುರು ತಾವೇ ಚುಚ್ಚಿಸಿಕೊಂಡು ತಮ್ಮ ಖೋಜಾ ಸಮುದಾಯದ ಸಾವಿರಾರು ಮಂದಿಯನ್ನು ಒಪ್ಪಿಸಿದರು. 1899ರಲ್ಲಿ ಪ್ರಯೋಗಾಲಯ ಪರೇಲಿನ ಹಳೆಯ ರಾಜಭವನಕ್ಕೆ ಹೋಯಿತು.

1902ರಲ್ಲಿ ಪಂಜಾಬ್ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಲಸಿಕೆ ಕೇಳಿತು. ಅಷ್ಟನ್ನು ಬೇಗ ಮಾಡಲು ಹಾಫ್‌ಕಿನ್ ವಿಧಾನ ಬದಲಿಸಿದರು. ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಕೈಬಿಟ್ಟು, ಶಾಖದಿಂದಲೇ ಶುದ್ಧಿ ಮಾಡುವ, ಪಾಸ್ತರ್ ಸಂಸ್ಥೆಯಲ್ಲಿ ಬಳಕೆಯಲ್ಲಿದ್ದ ಪದ್ಧತಿಗೆ ಬಂದರು. ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಅವರಲ್ಲಿ 19 ಜನರಿಗೆ ದವಡೆ ಕಚ್ಚಿಕೊಂಡು ಮೈ ಸೆಟೆಯಿತು. ಧನುರ್ವಾಯು. ಹತ್ತೊಂಬತ್ತೂ ಮಂದಿ ಸತ್ತರು. ಹತ್ತೊಂಬತ್ತು ಜನಕ್ಕೂ ಲಸಿಕೆ ಹೋಗಿದ್ದು ಒಂದೇ ಸೀಸೆಯಿಂದ, 53-ಎನ್ ಎಂಬ ಗುರುತಿನದು. ಬೇರೆ ಸೀಸೆಗಳಿಂದ ಚುಚ್ಚಿಸಿಕೊಂಡ ಯಾರಿಗೂ ಏನೂ ಆಗಲಿಲ್ಲ.

ಮುಂಬಯಿಯ ಮುಖ್ಯ ನ್ಯಾಯಮೂರ್ತಿ ಲಾರೆನ್ಸ್ ಜೆಂಕಿನ್ಸ್ ಅವರ ಆಯೋಗ ವಿಚಾರಣೆ ನಡೆಸಿ, ತಪ್ಪು ಪ್ರಯೋಗಾಲಯದಲ್ಲೇ ಆಗಿರಬೇಕು, ಕಾರ್ಬಾಲಿಕ್ ಬಿಟ್ಟದ್ದು ಸರಿಯಲ್ಲ ಎಂಬ ತೀರ್ಮಾನಕ್ಕೆ ಬಂತು. ಹಾಫ್‌ಕಿನ್ ಹುದ್ದೆ ಹೋಯಿತು. ಅವರು 1904ರಲ್ಲಿ ಭಾರತ ಬಿಟ್ಟರು. ಆದರೆ ವಿಚಾರಣೆಯ ಕಾಗದಗಳಲ್ಲೇ ಇನ್ನೊಂದು ಸಂಗತಿ ಇತ್ತು. ಆ ದಿನ ಮುಲ್ಕೋವಾಲ್‌ನಲ್ಲಿ ಆ ಸೀಸೆಯ ಬಿರಡೆ ತೆಗೆಯುವ ಚಿಮುಟ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಕುದಿಸದೆ ಕಾರ್ಬಾಲಿಕ್‌ನಲ್ಲಿ ಅದ್ದಿ ಮತ್ತೆ ಬಳಸಿದ್ದರು. ಧನುರ್ವಾಯುವಿನ ಬೀಜಾಣು ಇರುವುದೇ ದನಕರು ಓಡಾಡುವ ಮಣ್ಣಿನಲ್ಲಿ. ಸೀಸೆ ತುಂಬಿಸಿ ಅಷ್ಟೊತ್ತಿಗೆ ಐದು ವಾರ ಮೀರಿತ್ತು. ಪ್ರಯೋಗಾಲಯದಲ್ಲೇ ಬೀಜಾಣು ಸೇರಿದ್ದರೆ ಅಷ್ಟು ದಿನದಲ್ಲಿ ಬೆಳೆದು ಬಿರಡೆ ತೆಗೆದಾಗ ದುರ್ವಾಸನೆ ಹೊಡೆಯಬೇಕಿತ್ತು, ಹೊಡೆಯಲಿಲ್ಲ. ವಿಷ ತುಂಬಿದ್ದರೆ ರೋಗದ ಲಕ್ಷಣ ಇನ್ನೂ ಬೇಗ ಕಾಣಬೇಕಿತ್ತು, ಕಾಣಲಿಲ್ಲ.

ಇದನ್ನು ಹಿಡಿದು ಹೋರಾಡಿದವರಲ್ಲಿ ರೊನಾಲ್ಡ್ ರಾಸ್ ಮುಖ್ಯರು. ಮಲೇರಿಯಾ ಸೊಳ್ಳೆಯಿಂದ ಹರಡುವುದೆಂದು ತೋರಿಸಿ ನೊಬೆಲ್ ಪಡೆದವರು. ಹಿಂದೆ ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸವನ್ನೂ ಮಾಡಿದ್ದರು. 1907ರ ಜುಲೈನಲ್ಲಿ ಅವರೂ ಸೇರಿ ಹತ್ತು ಜನ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್‌ಕಿನ್ ನಿರಪರಾಧಿ ಎಂದು ಸಹಿ ಹಾಕಿದರು. ಆ ವರ್ಷದ ಕೊನೆಗೆ ಸರ್ಕಾರ ಅವರ ಮೇಲಿನ ಆರೋಪ ತೆಗೆದುಹಾಕಿತು. ಐದು ವರ್ಷ ಕಳೆದುಹೋಗಿದ್ದವು.

ಹಾಫ್‌ಕಿನ್ ಅವರಿಗೆ ಅನ್ಯಾಯವಾಯಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹೊರಗಿನವನು, ಯಹೂದಿ, ವೈದ್ಯನಲ್ಲದವನು ಎಂಬುದೆಲ್ಲ ಸೇರಿ ಹೊಣೆಯನ್ನು ಅವರ ಹೆಗಲಿಗೇರಿಸುವುದು ಸುಲಭವಾಯಿತು. ಆದರೂ ಒಂದು ಮಾತು ಉಳಿಯುತ್ತದೆ. ಬೇಡಿಕೆ ಹೆಚ್ಚಾಯಿತೆಂದು ತಯಾರಿಕೆಯ ಒಂದು ಕಾವಲನ್ನು ತೆಗೆದದ್ದು ಅವರೇ. ಅದು ಈ ಸಾವುಗಳಿಗೆ ಕಾರಣವಾಗಲಿಲ್ಲ ಎಂದು ವಿಜ್ಞಾನಿಗಳು ತೋರಿಸಿಕೊಟ್ಟರು, ಸರಿ. ಆದರೆ ಹಳ್ಳಿಯ ಬಯಲಿನಲ್ಲಿ, ದೂಳಿನಲ್ಲಿ, ಅವಸರದಲ್ಲಿ ನೂರು ಜನರಿಗೆ ಚುಚ್ಚುವಾಗ ಚಿಮುಟ ಬೀಳುತ್ತದೆ ಎಂಬುದನ್ನು ಮುಂಬಯಿಯಲ್ಲಿ ಕೂತವರು ಲೆಕ್ಕಕ್ಕೆ ಹಿಡಿದಿರಬೇಕಿತ್ತಲ್ಲವೇ? ಕೈ ತಪ್ಪಿದ ಆ ಸಹಾಯಕನನ್ನು ಬೈದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ತಪ್ಪು ಕಮಾಂಡ್ ಕೊಟ್ಟು, ಜನ ಬಳಸುತ್ತಿದ್ದ ಒಂದು ವ್ಯವಸ್ಥೆಯನ್ನು ನಾನೂ ಒಮ್ಮೆ ಕೆಡವಿದ್ದೇನೆ. ಅಲ್ಲಿ ಯಾರೂ ಸಾಯಲಿಲ್ಲ, ಅದು ನನ್ನ ಪುಣ್ಯ.

ಹಾಫ್‌ಕಿನ್ ಮತ್ತೆ ಭಾರತಕ್ಕೆ ಬಂದರು. ಆದರೆ ಮುಂಬಯಿಯ ಅವರ ಪ್ರಯೋಗಾಲಯ ಮತ್ತೆ ಅವರ ಕೈಗೆ ಸಿಗಲಿಲ್ಲ. ಕಲ್ಕತ್ತೆಯಲ್ಲಿ ಬೇರೊಂದು ಕೆಲಸ ಕೊಟ್ಟರು, ಜನರ ಮೇಲೆ ಹೊಸ ಲಸಿಕೆ ಪರೀಕ್ಷಿಸುವ ಅಧಿಕಾರವಿಲ್ಲದ ಕೆಲಸ. 1914ರಲ್ಲಿ ನಿವೃತ್ತರಾಗಿ ಯುರೋಪಿಗೆ ಹೋದರು. ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ತಮ್ಮ ಧರ್ಮದ ಕಡೆಗೆ ಆಳವಾಗಿ ವಾಲಿದರು, ಉಳಿಸಿದ ಹಣವನ್ನು ಯಹೂದಿ ವಿದ್ಯಾಶಾಲೆಗಳಿಗೆ ಮೀಸಲಿಟ್ಟರು.

ಅವರು ಹುಟ್ಟುಹಾಕಿದ ಪ್ರಯೋಗಾಲಯ 1897ರಿಂದ 1925ರವರೆಗೆ 2 ಕೋಟಿ 60 ಲಕ್ಷ ಡೋಸ್ ಪ್ಲೇಗ್ ಲಸಿಕೆ ಹೊರಕಳಿಸಿತು. 1925ರಲ್ಲಿ ಅದಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಪರೇಲಿನಲ್ಲಿ ಅದೇ ಹಳೆಯ ಕಟ್ಟಡದಲ್ಲಿ ಇಂದಿಗೂ ಇದೆ. 1964ರಲ್ಲಿ ಭಾರತ ಸರ್ಕಾರ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಹಾಫ್‌ಕಿನ್ 1930ರ ಅಕ್ಟೋಬರ್ 26ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ತೀರಿಕೊಂಡರು. ಆ ಕಾಲಕ್ಕೆ ನಮ್ಮ ಊರಿನವರು ಇನ್ನೂ ಇಲಿ ಬಿದ್ದರೆ ಗುಡಿಸಲ ಹೊಲಕ್ಕೆ ನಡೆಯುತ್ತಿದ್ದರು.